ಮುತ್ಯಾನ ಫೋರ್ ನಾಟ್ ಸೆವೆನ್

ಮೆಹದಿಪಟ್ಟಣಂನಲ್ಲಿ ಯಾರಾದರೂ ಮನೆ ವಿಳಾಸ ಕೇಳಿದರೆ ನಾವು ಬೀದಿಯ ಹೆಸರು ಹೇಳುವುದಿಲ್ಲ, ಪಿಲ್ಲರ್ ನಂಬರ್ ಹೇಳುತ್ತೇವೆ. 2009ರಲ್ಲಿ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಆದಾಗಿನಿಂದ ಇಲ್ಲಿಯ ಅಂಗಡಿ, ಆಸ್ಪತ್ರೆ, ಬೀಗರ ಮನೆ ಎಲ್ಲಕ್ಕೂ ಆ ಕಂಬಗಳೇ ಗುರುತು. ನಮ್ಮ ಕಂಬದ ಹಿಂದಿನ ಗಲ್ಲಿಯಲ್ಲಿ ಈಗ ಕೆಎ-32 ನಂಬರಿನ ಒಂದು ಹಳೆಯ ಟಾಟಾ 407 ನಿಂತಿದೆ. "ಎವರಿದಿ ಸಾರ್ ಈ ಬಂಡಿ?" ಅಂತ ಪಕ್ಕದ ಅಪಾರ್ಟ್‌ಮೆಂಟಿನವರು ಕೇಳುತ್ತಾರೆ. ನಮ್ಮದೇ ಅಂದರೆ ನಂಬುವುದಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೂವತ್ತು ವರ್ಷದಿಂದ ಆಫೀಸಿಗೆ ಹೋಗುತ್ತಿರುವ ಮನುಷ್ಯ ನಾನು!

ಗಾಡಿ ನನ್ನ ಮಗನದು. ಅವನ ಮೊದಲ ಗಾಡಿ. ಅವನ ಗೆಳೆಯರೆಲ್ಲ ಬೈಕು ಬೇಕು ಅಂತ ಮನೆಯಲ್ಲಿ ಜಗಳ ತೆಗೆಯುವ ವಯಸ್ಸಿನಲ್ಲಿ ಇವನು ಕೇಳಿದ್ದು ಇದನ್ನ.

ಸ್ವಲ್ಪ ಹಿಂದಿನಿಂದ ಹೇಳಬೇಕು. ನಮ್ಮದು ಸೇಡಂ ತಾಲೂಕಿನ ಹಳ್ಳಿ. ಶಹಾಬಾದ್ ಕಲ್ಲು ಅಂತ ನೀವು ಯಾವುದನ್ನು ಕರೆಯುತ್ತೀರೋ ಅದಕ್ಕೆ ನಾವು ಪರಸಿ ಅನ್ನುತ್ತೇವೆ. ಭೂಮಿಯಲ್ಲಿ ರೊಟ್ಟಿ ಪೇರಿಸಿಟ್ಟ ಹಾಗೆ ಪದರ ಪದರವಾಗಿ ಇರುತ್ತದೆ, ಉಳಿ ಕೊಟ್ಟು ಎಬ್ಬಿಸಿದರೆ ಚಪ್ಪಡಿಯಾಗಿ ಏಳುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ, ಆ ಕಡೆ ತಾಂಡೂರು, ಎಲ್ಲ ಒಂದೇ ಕಲ್ಲಿನ ಸೀಮೆ. ತಾಂಡೂರು, ಕೊಡಂಗಲ್ ತಾಲೂಕುಗಳು 1956ರವರೆಗೆ ಗುಲಬರ್ಗಾ ಜಿಲ್ಲೆಯಲ್ಲೇ ಇದ್ದವು. ರಾಜ್ಯ ವಿಂಗಡಣೆಯಲ್ಲಿ ಆಂಧ್ರದ ಕಡೆ ಹೋದವು. ಕಲ್ಲಿಗೆ ಅದು ಗೊತ್ತಾಗಲಿಲ್ಲ, ಲಾರಿಯವರಿಗೆ ಮಾತ್ರ ಚೆಕ್‌ಪೋಸ್ಟಿನಲ್ಲಿ ಗೊತ್ತಾಯಿತು.

ನಮ್ಮಪ್ಪ ಆ ಲಾರಿಯವರಲ್ಲಿ ಒಬ್ಬ. ಇಪ್ಪತ್ತು ವರ್ಷ ಮಂದಿಯ ಲಾರಿ ಹೊಡೆದು, 1994ರಲ್ಲಿ ಸಾಲ ಮಾಡಿ ಸ್ವಂತದ್ದೊಂದು ಫೋರ್ ನಾಟ್ ಸೆವೆನ್ ತಂದ. ಟಾಟಾದವರು ಈ ಗಾಡಿ ಬಿಟ್ಟಿದ್ದು 1986ರಲ್ಲಿ. ಅದೇ ಕಾಲಕ್ಕೆ ಜಪಾನಿ ಕಂಪನಿಗಳ ಜತೆ ಸೇರಿ ನಾಲ್ಕು ಮಂದಿ ಸಣ್ಣ ಲಾರಿ ಮಾಡುತ್ತಿದ್ದರು. ಅದರಲ್ಲಿ ನಮ್ಮ ಹೈದರಾಬಾದಿನ ಆಲ್ವಿನ್ ಕೂಡ ಒಂದು, ನಿಸ್ಸಾನ್ ಜತೆ ಜಹೀರಾಬಾದಿನಲ್ಲಿ ಕಾರ್ಖಾನೆ ಹಾಕಿತ್ತು. ಕೊನೆಗೆ ಅದು ಮಹೀಂದ್ರಾ ಪಾಲಾಯಿತು. ರಸ್ತೆಯಲ್ಲಿ ಉಳಿದದ್ದು 407.

ಅಪ್ಪ ಚಪ್ಪಡಿಗಳನ್ನು ನಿಲ್ಲಿಸಿ ಹೇರುತ್ತಿದ್ದ. ಮಲಗಿಸಿದರೆ ಗುಂಡಿಯಲ್ಲಿ ಹಾರಿ ಒಡೆಯುತ್ತವೆ. ಸಂಜೆ ಹೊರಟು ತಾಂಡೂರು, ವಿಕಾರಾಬಾದ್, ಚೇವೆಳ್ಳ, ಲಂಗರ್ ಹೌಸ್ ದಾಟಿ ಬೆಳಗಾಗುವುದರೊಳಗೆ ಕಲ್ಲು ಇಳಿಸಿ ವಾಪಸು. ಈ ಊರಿನ ಅದೆಷ್ಟು ಮನೆಗಳ ಅಂಗಳದಲ್ಲಿ ಅವನು ತಂದ ಕಲ್ಲು ಇದೆಯೋ. ನಾನು ಓದಲಿಕ್ಕೆ ಬಂದಾಗ ಇಳಿದದ್ದೂ ಇದೇ ಮೆಹದಿಪಟ್ಟಣಂನಲ್ಲಿ. ತಾಂಡೂರಿನ ಬಸ್ಸು ಊರು ಹೊಕ್ಕ ಕೂಡಲೇ ಸಿಗುವುದು ಇದು. ಮೆಹದಿ ನವಾಜ್ ಜಂಗ್ ಹೆಸರಿನ ಬಡಾವಣೆ ಇದು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಇಳಿದ ಜಾಗದಲ್ಲೇ ಬೇರು ಬಿಟ್ಟೆ.

1995ರ ಬೇಸಿಗೆಯಲ್ಲಿ ಒಂದು ದಿನ ಅಪ್ಪ ಕ್ಲೀನರನನ್ನು ಹಿಂದೆ ಕೂಡಿಸಿ, "ಬಾ, ಸ್ಟೇರಿಂಗ್ ಹಿಡಿ, ಕಲಿಸ್ತೀನಿ" ಅಂದ. ನಾನು, "ನಾ ಏನ್ ಡ್ರೈವರ್ ಆಗ್ಲಿಕ್ಕೆ ಓದ್ಲಿಕ್ಕತ್ತಿಲ್ಲ" ಅಂದೆ. ಕ್ಲೀನರ್ ಎದುರಿಗೇ. ಅಪ್ಪ ಏನೂ ಅನ್ನಲಿಲ್ಲ. ಮುಂದೆ ಆ ಮಾತು ಯಾವತ್ತೂ ಎತ್ತಲೂ ಇಲ್ಲ. ಫೀಸು ಕಟ್ಟುತ್ತಾ ಹೋದ. 2011ರಲ್ಲಿ ಗಾಡಿ ಬೇವಿನ ಗಿಡದ ಕೆಳಗೆ ನಿಂತಿತು, ಮರುವರ್ಷ ಅಪ್ಪ ಹೋದ.

ಮಗ ಹತ್ತನೇ ಕ್ಲಾಸು ಮುಗಿಸಿ 2023ರ ಬೇಸಿಗೆಗೆ ಊರಿಗೆ ಹೋಗಿದ್ದ. ನಮ್ಮಣ್ಣ ಗುಜರಿಯವನ ಹತ್ತಿರ 48 ಸಾವಿರಕ್ಕೆ ಮಾತಾಡಿ ಮುಗಿಸಿದ್ದ. ಹುಡುಗನಿಂದ ನನಗೆ ಫೋನು: "ಪಪ್ಪಾ, ಆ 48 ಸಾವಿರ ನೀವೇ ದೊಡ್ಡಪ್ಪಗೆ ಕೊಡ್ರಿ. ನನಗ ಬೈಕು ಬ್ಯಾಡ." ಅವನು ಕನ್ನಡದಲ್ಲಿ ಮೂರು ವಾಕ್ಯ ಕೂಡಿಸಿ ಆಡಿದ್ದು ಕೇಳಿಯೇ ಬಹಳ ದಿನವಾಗಿತ್ತು. ಹೂಂ ಅಂದುಬಿಟ್ಟೆ. ಒಂದು ವಾರದಲ್ಲಿ ಬೇಜಾರಾಗಿ ಬಿಡುತ್ತಾನೆ ಅನ್ನುವ ಲೆಕ್ಕ ನನ್ನದು.

ಸೇಡಂನಲ್ಲಿ ಅಪ್ಪನ ಕಾಲದ ಉಸ್ತಾದ್ ಒಬ್ಬರು ಇದ್ದಾರೆ, ಎಪ್ಪತ್ತು ದಾಟಿದೆ. ಮೆಹದಿಪಟ್ಟಣಂನಲ್ಲಿ ಬೆಳೆದ ಹುಡುಗನಿಗೆ ದಖನಿ ನೀರು ಕುಡಿದಷ್ಟು ಸಲೀಸು, ಹಾಗಾಗಿ ಅಜ್ಜಿಗಿಂತ ಮೊದಲು ಉಸ್ತಾದರ ಜತೆ ಹೊಂದಿಕೊಂಡ. ಹನ್ನೆರಡು ವರ್ಷ ನಿಂತ ಇಂಜಿನ್ನು ಜಾಮ್ ಆಗಿತ್ತು. ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಲು ಹೋದವನ ಕೈಗೆ ಉಸ್ತಾದ್ ಏಟು ಕೊಟ್ಟರಂತೆ: "ಜೋರ್ ನಕ್ಕೋ ಬೇಟಾ!" ನಾಲ್ಕೂ ನೋಜಲ್ ಬಿಚ್ಚಿ, ಆ ತೂತುಗಳಲ್ಲಿ ಡೀಸೆಲ್ಲಿಗೆ ಇಂಜಿನ್ ಆಯಿಲ್ ಬೆರೆಸಿ ಹೊಯ್ದು, ಎಂಟು ದಿನ ಹಾಗೇ ಬಿಟ್ಟರು. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ, ಅದಕ್ಕೆ ಪೈಪ್ ಏರಿಸಿ, ಒಂದು ಕೂದಲೆಳೆಯಷ್ಟು ಈ ಕಡೆ, ಒಂದು ಕೂದಲೆಳೆಯಷ್ಟು ಆ ಕಡೆ. ಮೂರನೇ ದಿನ ಪೂರ್ತಿ ಸುತ್ತು ತಿರುಗಿತು. ಅಷ್ಟಕ್ಕೇ ರಜೆ ಮುಗಿಯಿತು.

ಇಂಟರ್‌ಮೀಡಿಯಟ್ ಅನ್ನುವ ಯಮಯಾತನೆ ಹೈದರಾಬಾದಿನ ತಂದೆತಾಯಂದಿರಿಗೆ ವಿವರಿಸಬೇಕಿಲ್ಲ. ಬೆಳಿಗ್ಗೆ ಏಳಕ್ಕೆ ಹೋದ ಹುಡುಗ ರಾತ್ರಿ ಎಂಟಕ್ಕೆ ಬರುತ್ತಾನೆ. ಮೊದಲ ವರ್ಷ ಗಣಿತದಲ್ಲಿ ಹುಡುಗ ಮುಗ್ಗರಿಸಿದ. ಕಾಲೇಜಿನವರು ಕರೆಸಿ ಎಲ್ಲರೆದುರು ಹೇಳಬಾರದ್ದನ್ನೆಲ್ಲ ಹೇಳಿದರು. ನಾನು ಸಿಟ್ಟಿನಲ್ಲಿ ಐದು ತಿಂಗಳು ಊರಿಗೆ ಹೋಗುವುದನ್ನೇ ಬಂದ್ ಮಾಡಿದೆ. ಈಗ ನೆನೆದರೆ ಆ ಐದು ತಿಂಗಳು ನಾನು ಅವನ ಜತೆ ಮಾರ್ಕ್ಸ್ ಬಿಟ್ಟು ಬೇರೇನಾದರೂ ಮಾತಾಡಿದ ನೆನಪಿಲ್ಲ.

ಗಾಡಿಯ ಹತ್ತಿರ ಹೋಗಲು ಬಿಡದಿದ್ದರೆ ಏನು, ಗಾಡಿಯೇ ಮನೆಗೆ ಬಂತು! ಅಣ್ಣ ಡೀಸೆಲ್ ಪಂಪನ್ನು ಹಳೆಯ ಚಾದರಿನಲ್ಲಿ ಸುತ್ತಿ ತಾಂಡೂರಿನಿಂದ ಆರ್‌ಟಿಸಿ ಬಸ್ಸಿಗೆ ಹಾಕಿ ತಂದ. ಬಾಲ್ಕನಿಯಲ್ಲಿ ತುಳಸಿ ಕಟ್ಟೆಯ ಪಕ್ಕ ಇಟ್ಟರು, ಮನೆಯೆಲ್ಲ ಡೀಸೆಲ್ ವಾಸನೆ, ನನ್ನ ಹೆಂಡತಿಯ ಮುಖ ನೀವೇ ಊಹಿಸಿಕೊಳ್ಳಿ. ಮಗ ಮಣ್ಣು ಒರೆಸಿ ತಗಡಿನ ಪಟ್ಟಿ ತೋರಿಸಿದ. ಮೈಕೋ, ಬೆಂಗಳೂರು ಅಂತಿತ್ತು. ಆಡುಗೋಡಿಯ ಮೈಕೋ, 1951ರಲ್ಲಿ ಶುರುವಾದ ಕಂಪನಿ, 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿಕೊಂಡಿತು. ಡೀಸೆಲ್ ಇಂಜಿನ್ನಿಗೆ ಪ್ಲಗ್ ಇರುವುದಿಲ್ಲವಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸುತ್ತದೆ, ಆ ಬಿಸಿಗೆ ಸರಿಯಾದ ಕ್ಷಣದಲ್ಲಿ ಸರಿಯಾದಷ್ಟು ಡೀಸೆಲ್ ಸಿಂಪಡಿಸಬೇಕು. ಆ ಲೆಕ್ಕವೆಲ್ಲ ಈ ಪಂಪಿನದು. ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಹುಡುಕಿ ರಿಪೇರಿ ಸಾಮಾನು ತಂದು, ಪಂಪನ್ನು ಟೆಸ್ಟ್ ಬೆಂಚಿಗೆ ಕೊಟ್ಟು ಕ್ಯಾಲಿಬ್ರೇಷನ್ ಮಾಡಿಸಿದ.

ಒಂದು ರಾತ್ರಿ ನನ್ನ ಮುಂದೆ ಕಾಗದ ಹಿಡಿದ. ಆ ಇಂಜಿನ್ನಿಗೆ 497 ಅಂತ ಹೆಸರು: 4 ಸಿಲಿಂಡರು, ಒಂದೊಂದರ ಬೋರು 97 ಮಿಲಿಮೀಟರು. ಪಿಸ್ಟನ್ ಏರಿಳಿಯುವುದು 100 ಮಿಲಿಮೀಟರು. ಪೈ ಆರ್ ಸ್ಕ್ವೇರ್ ಎಚ್, ಗುಣಿಸು ನಾಲ್ಕು. 2,955.9 ಬಂದಿತ್ತು. ಅಪ್ಪನ ಆರ್‌ಸಿ ಪುಸ್ತಕದಲ್ಲಿ 2,956. "ಸರೀ ಬಂತು ನೋಡ್ರಿ" ಅಂದ. ಕಾಲೇಜಿನವರು ಯಾರನ್ನು ದಡ್ಡ ಅಂದಿದ್ದರೋ ಆ ಹುಡುಗ. ಮರುವಾರ ನಾನೇ ಅವನನ್ನು ತಾಂಡೂರು ಬಸ್ಸು ಹತ್ತಿಸಿದೆ.

ಟಿಂಕರಿಂಗ್, ಪೇಂಟಿಂಗ್, ಆರು ಟೈರು, ವೈರಿಂಗು... ಎಲ್ಲ ಸೇರಿ ಎರಡು ಲಕ್ಷ ದಾಟಿತು. ಅದರ ಬಗ್ಗೆ ಹೆಚ್ಚು ಬರೆದರೆ ಮತ್ತೆ ಬಿಪಿ ಏರುತ್ತದೆ. 2024ರ ದಸರೆಗೆ ಸ್ಟಾರ್ಟ್ ಮಾಡುವ ದಿನ ನಾನೂ ಇದ್ದೆ. ಡೀಸೆಲ್ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಇಂಜಿನ್ ಹೊತ್ತಿಕೊಳ್ಳುವುದಿಲ್ಲ. ಮಗ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಏರ್ ತೆಗೆದ. ಸೆಲ್ಫ್ ಹೊಡೆದರು. ಒಂದು ಸಲ, ಎರಡು ಸಲ, ಆಮೇಲೆ ಬಿಳಿ ಹೊಗೆ, ಕರಿ ಹೊಗೆ, ಬೇವಿನ ಗಿಡದ ಹಕ್ಕಿಯೆಲ್ಲ ಎದ್ದು ಹೋದವು. ಅವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಹೊರಬಂದಳು. ಅಳುತ್ತಾಳೆ ಅಂದುಕೊಂಡೆ. "ಸೈಲೆನ್ಸರ್ ಹೋಗ್ಯಾದ ನೋಡೋ. ನಿಮ್ಮಪ್ಪಗ ಹೇಳಿ ಹೇಳಿ ಸಾಕಾಗಿತ್ತು" ಅಂದು ಒಳಗೆ ಹೋದಳು.

ಇನ್ನು ಕಾನೂನಿನ ಕಥೆ. 2019ರಿಂದ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಹಾಗಾಗಿ ಹಿತ್ತಲಿನಲ್ಲಿ ಹಿಂದೆ ಮುಂದೆ ಸರಿಸುವುದಷ್ಟೇ ನಡೆದಿತ್ತು. 2025ರಲ್ಲಿ 18 ತುಂಬಿತು, ಕಾರಿನ ಲೈಸೆನ್ಸೂ ಬಂತು, ಎಲ್ಲರೂ ಕಂಪ್ಯೂಟರ್ ಸೈನ್ಸ್ ಅನ್ನುವಾಗ ಹಟ ಹಿಡಿದು ಮೆಕ್ಯಾನಿಕಲ್ ಸೇರಿದ. ಗಾಡಿಗೆ ಫಿಟ್ನೆಸ್, ಇನ್ಶೂರೆನ್ಸ್, ಪರ್ಮಿಟ್ಟು ಎಲ್ಲ ಅಣ್ಣ ಕಲಬುರಗಿಗೆ ಅಲೆದು ಮಾಡಿಸಿದ. ಆಗ ಗೊತ್ತಾಯಿತು, ಸಾರಿಗೆ ವಾಹನ ಓಡಿಸಲು 20 ತುಂಬಿರಬೇಕು! ಎರಡೂವರೆ ವರ್ಷ ಕೈ ಕಪ್ಪು ಮಾಡಿಕೊಂಡವನು ತನ್ನ ಗಾಡಿ ತಾನು ಓಡಿಸುವ ಹಾಗಿಲ್ಲ. ಅಣ್ಣನಿಗೆ ಕಣ್ಣಿನ ಪೊರೆ. ಬಾಡಿಗೆ ಡ್ರೈವರ್ ಇಡೋಣ ಅಂದೆ. ಹುಡುಗ ಸುಮ್ಮನೆ ಪಾನಾ ಒರೆಸುತ್ತಾ ಕೂತ. ಅವ್ವ ಕೇಳಿದಳು, "ಯಾಕ, ನೀ ಹೊಡಿಲಿಕ್ಕೆ ಏನಾಗ್ಯಾದ?"

ಏನೂ ಆಗಿರಲಿಲ್ಲ. ಕಾರಿನ ಲೈಸೆನ್ಸ್ ಇರುವವರು 7,500 ಕೆಜಿವರೆಗಿನ ಸಾರಿಗೆ ವಾಹನ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿತ್ತು. 407 ಆ ಮಿತಿಯೊಳಗೇ ಬರುತ್ತದೆ. ನೆಪಗಳೆಲ್ಲ ಮುಗಿದಿದ್ದವು.

ದೀಪಾವಳಿ ರಜೆಯಲ್ಲಿ ನಾಲ್ಕು ದಿನ ಹೊಲದ ದಾರಿಯಲ್ಲಿ ಕಲಿತೆ. ಪವರ್ ಸ್ಟೇರಿಂಗ್ ಇಲ್ಲ, ರಟ್ಟೆ ಹರಿದು ಹೋಯಿತು. ಐದನೇ ದಿನ ಸಂಜೆ ಖಾಲಿ ಗಾಡಿ ಹೊರಟಿತು, ನಾನು ಡ್ರೈವರು, ಮಗ ಕ್ಲೀನರು. ತಾಂಡೂರು ದಾಟುವವರೆಗೆ ಚೆನ್ನಾಗಿತ್ತು. ಅನಂತಗಿರಿ ಏರಿನಲ್ಲಿ ಎದುರಿಗೆ ಬಸ್ಸು ಬಂತು, ಗೇರು ಇಳಿಸುವುದು ತಪ್ಪಿತು, ಇಂಜಿನ್ ಬಂದ್ ಆಯಿತು. ಹ್ಯಾಂಡ್‌ಬ್ರೇಕ್ ಎಳೆದೆ, ಬ್ರೇಕು ತುಳಿದೆ, ಆದರೂ ಗಾಡಿ ಹಿಂದಕ್ಕೆ ಜಾರುತ್ತಿದೆ ಅನ್ನಿಸಿತು. ಹಿಂದೆ ಯಾರದೋ ಹಾರ್ನು. ಮಗ ಆಗಲೇ ಬಾಗಿಲು ತೆಗೆದು ಹಾರಿದ್ದ. ಸೀಟಿನ ಕೆಳಗೆ ಒಂದು ಬೇವಿನ ತುಂಡು ಇತ್ತು, ಅಪ್ಪ ಕೆತ್ತಿ ಇಟ್ಟದ್ದು, ಗಾಡಿಯನ್ನೆಲ್ಲ ಬಿಚ್ಚಿ ಕಟ್ಟಿದಾಗಲೂ ಹುಡುಗ ಅದನ್ನು ಎಸೆದಿರಲಿಲ್ಲ. ಅದನ್ನು ಹಿಂದಿನ ಚಕ್ರಕ್ಕೆ ಕೊಟ್ಟು, ಕಿಟಕಿಗೆ ಬಂದು ಹೇಳಿದ, "ಪಪ್ಪಾ, ಅವಸರ ಬ್ಯಾಡ. ಫಸ್ಟ್ ಹಾಕ್ರಿ. ಕ್ಲಚ್ ಅರ್ಧ. ಈಗ ರೇಸ್ ಕೊಡ್ರಿ." ನನ್ನ ಕಾಲು ನಡುಗುತ್ತಿದ್ದವು. ಅವನ ದನಿ ನಡುಗುತ್ತಿರಲಿಲ್ಲ. ಗಾಡಿ ಎದ್ದಿತು, ಅವನು ತುಂಡು ಎತ್ತಿಕೊಂಡು ಓಡಿ ಬಂದು ಹತ್ತಿದ.

ಆಮೇಲೆ ಚೇವೆಳ್ಳದ ಆಲದ ಮರಗಳವರೆಗೆ ಇಬ್ಬರೂ ಮಾತಾಡಲಿಲ್ಲ. ಆ ಮರಗಳ ಕೆಳಗೆ ಚಹಾ ಕುಡಿದೆವು. "ಮುತ್ಯಾ ಇಲ್ಲಿ ನಿಲ್ಲಿಸ್ತಿದ್ನಾ?" ಅಂದ. ನಾನು ಒಂದು ಸಲವೂ ಅಪ್ಪನ ಜತೆ ಈ ದಾರಿಯಲ್ಲಿ ಗಾಡಿಯಲ್ಲಿ ಬಂದಿರಲಿಲ್ಲ, ಯಾವಾಗಲೂ ಬಸ್ಸಿಗೇ ಬರುತ್ತಿದ್ದೆ. ಗೊತ್ತಿಲ್ಲ ಅಂದೆ.

ಮೆಹದಿಪಟ್ಟಣಂ ಮುಟ್ಟಿದಾಗ ರಾತ್ರಿ ಒಂದೂವರೆ. ಗಲ್ಲಿಯೊಳಗೆ ರಿವರ್ಸ್ ತೆಗೆಯಬೇಕಿತ್ತು. ಹೆಂಡತಿ ಬಾಲ್ಕನಿಯಲ್ಲಿ ನಿಂತಿದ್ದಳು. ಎರಡು ಕನ್ನಡಿಯಲ್ಲೂ ನನಗೆ ಕತ್ತಲೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಹಿಂದಿನಿಂದ ಮಗ ಬಾಡಿಗೆ ಅಂಗೈಯಿಂದ ಬಡಿಯುತ್ತಾ ಕೂಗುತ್ತಿದ್ದ, "ಬರ್ಲಿ, ಬರ್ಲಿ... ಇನ್ನೊಂಚೂರು ಬರ್ಲಿ... ಹಾಂ, ಬಸ್."