ಅವ್ವ ಮಡಗಿದ್ದ ದುಡ್ಡು

1/3

ಫೋಟೋದಲ್ಲಿರೋ ನೇರಳೆ ಬಣ್ಣದ ಡಬ್ಬ ಗೇಮ್ ಬಾಯ್ ಕಲರ್. ವಯಸ್ಸಲ್ಲಿ ನನಗಿಂತ ದೊಡ್ಡದು. ಬೆಂಗಳೂರಲ್ಲಿರೋ ದೊಡ್ಡಪ್ಪನ ಮಗ ಮನೆ ಖಾಲಿ ಮಾಡುವಾಗ "ನೀನೇ ಇಟ್ಕೋ" ಅಂತ ಕೊಟ್ಟ. ಒಳಗಿದ್ದ ಕ್ಯಾಸೆಟ್ ಪೋಕೆಮಾನ್ ಗೋಲ್ಡ್.

ಗೊತ್ತಿಲ್ಲದವರಿಗೆ ಹೇಳ್ತೀನಿ. ಜಪಾನಲ್ಲಿ 1996ರಲ್ಲಿ ಬಂದ ಮೊದಲ ಪೋಕೆಮಾನ್ ಆಟದ ಮುಂದಿನ ಭಾಗ ಇದು. 1999ರ ನವೆಂಬರ್‌ನಲ್ಲಿ ಗೋಲ್ಡ್, ಸಿಲ್ವರ್ ಅಂತ ಜೋಡಿಯಾಗಿ ಬಂತು. 151 ಇದ್ದ ಪ್ರಾಣಿಗಳು 251 ಆದ್ವು. ಹಿಡೀಬೇಕು, ಸಾಕಬೇಕು, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸಬೇಕು. ಈ ಭಾಗದಲ್ಲಿ ಹೊಸದಾಗಿ ಗಡಿಯಾರ ಸೇರ್ಕೊಂಡಿತು. ಇಲ್ಲಿ ಕತ್ತಲಾದ್ರೆ ಆಟದಲ್ಲೂ ಕತ್ತಲು. ಹೂಟ್‌ಹೂಟ್ ಅನ್ನೋ ಗೂಬೆ ಹೆಚ್ಚಾಗಿ ರಾತ್ರಿ ಸಿಗುತ್ತೆ.

ಆ ಗಡಿಯಾರ ಓಡೋದು, ನಾವು ಸೇವ್ ಮಾಡಿದ್ದು ಉಳಿಯೋದು, ಎರಡೂ ಕ್ಯಾಸೆಟ್ ಒಳಗಿರೋ ಒಂದು ಬಟನ್ ಬ್ಯಾಟರಿಯಿಂದ. ನನಗೆ ಸಿಕ್ಕಾಗ ಅದು ಸತ್ತುಹೋಗಿತ್ತು. ಎರಡು ಸಂಜೆ ಆಡಿದೆ. ಎರಡು ಸಲಾನೂ ಆಫ್ ಮಾಡಿದ ತಕ್ಷಣ ಎಲ್ಲ ಮಾಯ.

"ಯಾಕ್ಲಾ ಮುಖ ಹಂಗ್ ಮಾಡ್ಕೊಂಡಿದ್ದೀಯ?" ಅಂದ್ಲು ಅವ್ವ.
"ಆಡಿದ್ದನ್ನ ಮಡಗಕ್ಕಾಗ್ತಿಲ್ಲ ಅವ್ವ."
"ಮಡಗಕ್ಕಾಗ್ದೆ ಇರೋದು ಅದೆಂಥ ಆಟ್ವೋ!"

ನರಸೀಪುರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹೊಸ ಬ್ಯಾಟರಿ ಬೆಸುಗೆ ಹಾಕಿಸ್ದೆ. ಆಮೇಲೆ ಮಡಗಕ್ಕಾಯ್ತು.

2/3

ಈ ಆಟದಲ್ಲಿ ನಮಗೊಬ್ಬಳು ಅಮ್ಮ ಇದ್ದಾಳೆ. ಊರು ಬಿಡೋ ಮುಂಚೆ ಮನೆಗೆ ಹೋಗಿ ಮಾತಾಡಿಸಿದ್ರೆ, ನಿನ್ನ ದುಡ್ಡು ನಾನು ಉಳಿಸಿಡ್ಲಾ ಅಂತ ಕೇಳ್ತಾಳೆ. ಹೂಂ ಅಂದ್ರೆ, ಗೆದ್ದ ದುಡ್ಡಲ್ಲಿ ಕಾಲು ಭಾಗ ಅವಳ ಹತ್ರ ಹೋಗುತ್ತೆ. ಸ್ವಲ್ಪ ದಿನ ಆದ್ಮೇಲೆ ಫೋನ್ ಮಾಡಿ, ನಿನ್ನ ದುಡ್ಡಲ್ಲಿ ಇಂಥದ್ದು ತಗೊಂಡೆ ಅಂತಾಳೆ. ಮೊದಮೊದಲು ಔಷಧಿ, ದುಡ್ಡು ಜಾಸ್ತಿ ಆದ್ಮೇಲೆ ನಮ್ಮ ರೂಮಿಗೆ ಗೊಂಬೆ. ನಮ್ಮನ್ನ ಒಂದ್ ಮಾತೂ ಕೇಳಲ್ಲ. ನಾನು ಬಿದ್ದು ಬಿದ್ದು ನಕ್ಕಿದ್ದೆ.

ನಾನು ಭಾನುವಾರ, ಮುಹೂರ್ತದ ದಿನ ಛತ್ರದಲ್ಲಿ ಬಡಿಸೋಕೆ ಹೋಗ್ತೀನಿ. ದಿನಕ್ಕೆ 500. ಬಂದದ್ದನ್ನ ಅವ್ವನ ಕೈಗೆ ಕೊಡ್ತಿದ್ದೆ. ಬೀರುವಿನಲ್ಲಿ, ಮದುವೆ ಸೀರೆ ಮಡಿಕೆಯಲ್ಲಿ ಮಡಗ್ತಿದ್ಲು. ನನ್ನ ಲೆಕ್ಕದ ಪ್ರಕಾರ 9,500 ಆಗಿತ್ತು. ಗೃಹಲಕ್ಷ್ಮಿಯ 2,000 ಬಂದ್ರೆ ಅದೂ ಅಲ್ಲಿಗೇ. ಆ ಯೋಜನೆ ಶುರುವಾಗಿದ್ದೇ ನಮ್ಮ ಮೈಸೂರಲ್ಲಿ, 2023ರ ಆಗಸ್ಟ್ 30ಕ್ಕೆ.

ಆಟದಲ್ಲಿ ರಾತ್ರಿ ಗೋಪುರದೊಳಗೆ ಒಂದು ಗಾಸ್ಟ್ಲಿ ಹಿಡಿದಿದ್ದೆ. ಅದು ಬೆಳೆದು ಹಾಂಟರ್ ಆಯ್ತು. ಅದು ಗೆಂಗಾರ್ ಆಗ್ಬೇಕು ಅಂದ್ರೆ ಕೇಬಲ್ ಹಾಕಿ ಇನ್ನೊಬ್ಬರಿಗೆ ಕೊಡಲೇಬೇಕು. ಒಬ್ಬನೇ ಎಷ್ಟು ಆಡಿದ್ರೂ ಆಗಲ್ಲ. ಸೋಸಲೆಯಲ್ಲಿ ನನಗೆ ಗೊತ್ತಿರೋ ಹಾಗೆ ಇದನ್ನ ಆಡೋನು ನಾನೊಬ್ನೇ. ಕ್ಲಾಸಿನ ಗೆಳೆಯನ ಹತ್ರ ಸಿಲ್ವರ್ ಇತ್ತು, ಆದ್ರೆ ಅವನ ಸೆಟ್ ಕೆಟ್ಟಿತ್ತು. ಸೆಕೆಂಡ್ ಹ್ಯಾಂಡ್ ಸೆಟ್ ಒಂದು 6,000ಕ್ಕೆ ಸಿಗೋದಿತ್ತು.

"ಅವ್ವ, ನನ್ನ ದುಡ್ಡು ಕೊಡು."
"ಇಲ್ಲ ಕನ್ ಮಗ, ಖರ್ಚಾಯ್ತು."
"ಯಾರನ್ನ ಕೇಳಿ ಖರ್ಚು ಮಾಡ್ದೆ?"

ಅವ್ವ ಏನೂ ಹೇಳ್ಲಿಲ್ಲ. ನಾನು ಎರಡು ದಿನ ಮನೇಲಿ ಸರಿಯಾಗಿ ಮಾತಾಡ್ಲಿಲ್ಲ. ಆಟದಲ್ಲಾದ್ರೆ ನಕ್ಕಿದ್ದವನು ನಾನೇ.

3/3

ಮೂರನೇ ದಿನ ಸ್ಕಾಲರ್‌ಶಿಪ್ ಅರ್ಜಿಗೆ ಪಾಸ್‌ಬುಕ್ ಬೇಕಿತ್ತು. ಬೀರು ಹುಡುಕಿದೆ. ಸೀರೆ ಮಡಿಕೆಯಲ್ಲಿ ಗಿರವಿ ಅಂಗಡಿಯ ಚೀಟಿ ಸಿಕ್ತು. ಒಂದು ಜೊತೆ ಓಲೆ, 15,000. ಅಡ ಇಟ್ಟ ತಾರೀಖು ನಾನು ಬಿಕಾಂಗೆ ಸೇರಿದ ವಾರ. ಬಿಡಿಸಿಕೊಂಡ ತಾರೀಖು ಹೋದ ತಿಂಗಳು.

ಫೀಸು, ಪುಸ್ತಕ, ಫೋನ್ ಎಲ್ಲ ಅಪ್ಪ ಭತ್ತ ಮಾರಿದ ದುಡ್ಡಲ್ಲಿ ಅಂದ್ಕೊಂಡಿದ್ದೆ. ಅವ್ವನ ಕಿವೀಲಿ ಇಷ್ಟು ದಿನ ಇದ್ದದ್ದು ಜಾತ್ರೇಲಿ ಸಿಗೋ ಓಲೆ ಅಂತ ಒಂದ್ ದಿನಾನೂ ಗಮನಿಸಿರ್ಲಿಲ್ಲ.

ಅಕೌಂಟಿಂಗ್‌ನಲ್ಲಿ ನನಗೆ ಒಳ್ಳೆ ಮಾರ್ಕ್ಸ್ ಬರುತ್ತೆ. ನನ್ನ ಲೆಕ್ಕದಲ್ಲಿ ಅವ್ವ ನನಗೆ 9,500 ಕೊಡ್ಬೇಕಾದವಳು. ಚೀಟಿ ನೋಡಿದ್ಮೇಲೆ ಗೊತ್ತಾಯ್ತು, ಸಾಲಗಾರ ನಾನು. ನನ್ನ ದುಡ್ಡು ನನ್ನ ಸಾಲಕ್ಕೇ ಹೋಗಿತ್ತು, ಅದೂ ಅರ್ಧಂಬರ್ಧ. ಉಳಿದದ್ದಕ್ಕೆ, ಬಡ್ಡಿಗೆ ಅವಳ 2,000ಗಳು.

ಚೀಟಿ ಹಿಡ್ಕೊಂಡು ಅಡುಗೆಮನೆಗೆ ಹೋದೆ. "ಬಿಡಿಸ್ಕೊಂಡು ತಿಂಗಳಾಯ್ತಲ್ಲ, ಯಾಕೆ ಹಾಕ್ಕೊಂಡಿಲ್ಲ?"

ಅವ್ವ ಸಾರಿಗೆ ಒಗ್ಗರಣೆ ಹಾಕ್ತಾ ಅಂದ್ಲು: "ಬರೋ ವರ್ಸದ ಫೀಸ್‌ಗೆ ಮತ್ತೆ ಅಡ ಮಡಗ್ಬೇಕಲ್ಲ. ಸುಮ್ನೆ ಹಾಕ್ಕೊಂಡು ಸವೆಸೋದ್ಯಾಕೆ?"

ತಪ್ಪಾಯ್ತು ಅನ್ನೋಕೂ ಬಾಯಿ ಬರ್ಲಿಲ್ಲ. ತಟ್ಟೆ ಹಾಕ್ಕೊಂಡು ಕೂತೆ.

ಆಟದಲ್ಲಿ ಮನೆಗೆ ಹೋಗಿ, ಇನ್ಮೇಲೆ ದುಡ್ಡು ಉಳಿಸಬೇಡ ಅಂತ ಅಮ್ಮನಿಗೆ ಹೇಳ್ಬೋದು. ನಾನು ಹೇಳಿಲ್ಲ. ಹಾಂಟರ್ ಹಾಂಟರ್ ಆಗೇ ಇದೆ. ಈ ಭಾನುವಾರಾನೂ ಬಡಿಸೋ ಕೆಲಸ ಇದೆ. ಫೈನಲ್ ಇಯರ್ ಫೀಸಿಗೆ ಓಲೆ ಮತ್ತೆ ಅಂಗಡಿಗೆ ಹೋಗದ ಹಾಗೆ ಆಗುತ್ತಾ ಅಂತ ಲೆಕ್ಕ ಹಾಕ್ತಿದ್ದೀನಿ. ಇನ್ನೂ ಕೂಡಿಲ್ಲ.

ಮುಡುಕುತೊರೆ ಜಾತ್ರೆಗೆ ಆ ಓಲೆ ಹಾಕ್ಕೊಂಡ್ ಬಾ ಅಂದೆ.
"ನೋಡಾನ" ಅಂದ್ಲು.

ನಿಮ್ಮ ಮನೇಲೂ ಯಾರೋ ಒಬ್ರು ಹಿಂಗೆ ಏನೋ ಮಡಗಿರ್ತಾರೆ. ಗೊತ್ತಿದ್ರೆ ಕಾಮೆಂಟಲ್ಲಿ ಬರೀರಿ.

#ಸೋಸಲೆ #ಪೋಕೆಮಾನ್‌ಗೋಲ್ಡ್ #ಅವ್ವ