ತಣ್ಣೀರ ನಲ್ಲಿಲಿ ಬಿಸಿನೀರು

ನಮ್ಮನೆ ಸೋಲಾರಿಗೆ ಎಂತದೋ ರೋಗ ಬಡಿದಿದೆ ಅಂತ ಗೊತ್ತಾದದ್ದು ದೀಪಾವಳಿ ಮುಗಿದ ಮೇಲೆ. ಮಳೆಗಾಲದಲ್ಲಾದ್ರೆ ಅದಕ್ಕೆ ಬೈಯೂ ಹಾಂಗಿಲ್ಲ. ಜೂನಿಂದ ಸೆಪ್ಟೆಂಬರ್ ತನಕ ಅರ್ಗಾದಲ್ಲಿ ಸೂರ್ಯನ ಮುಖ ಕಾಣುದೇ ಅಪರೂಪ, ಕರೆಂಟಿನ ಕಾಯಿಲ್ ಹಾಕೇ ಕಾಯಿಸ್ಬೇಕು. ಆದ್ರೆ ಈಗ ಆಕಾಶ ತೊಳೆದಿಟ್ಟ ಹಾಂಗಿದೆ. ಸಂಜೆ ಐದಕ್ಕೆ ನಲ್ಲಿ ಬಿಟ್ರೆ ಕೈ ಹಿಡಿಲಿಕ್ಕೆ ಆಗದಷ್ಟು ಬಿಸಿ. ಬೆಳಗಾಗುದ್ರೊಳಗೆ ಉಗುರುಬೆಚ್ಚಗೂ ಇಲ್ಲ. 100 ಲೀಟರ್ ಬಿಸಿನೀರು ರಾತ್ರಿ ಎಲ್ಲಿಗೆ ಹೋಗ್ತದೆ?

ನಮಗಾದ್ರೆ ನಡೀತದೆ. ಅತ್ತೆಗೆ ಎಂಬತ್ನಾಲ್ಕು. ಬೆಳಿಗ್ಗೆ ಬೆನ್ನಿಗೆ, ಮೊಣಕಾಲಿಗೆ ನಾಲ್ಕು ತಂಬಿಗೆ ಸುಡುನೀರು ಬೀಳದಿದ್ರೆ ಆ ದಿನ ಅವರಿಗೆ ಕೂತ್ರೆ ಏಳ್ಲಿಕ್ಕಾಗುದಿಲ್ಲ.

ಅವರು ಹಂಡೆ ಕಾಲದವರು. ಸೀಬರ್ಡಿಗೆ ಜಾಗ ಹೋಗಿ ಹಳೆ ಮನೆ ಬಿಡುವಾಗ, ಬಚ್ಚಲ ಒಲೆಯ ಮಣ್ಣು ಒಡೆಸಿ ತಾಮ್ರದ ಹಂಡೆ ತೆಗೆಸ್ಕೊಂಡೇ ಹೊರಟವರು. ಈಗ ಅದು ಹಿತ್ಲ ಮೂಲೆಲಿ ಕೂತಿದೆ. ನರಕ ಚತುರ್ದಶಿಯ ಹಿಂದಿನ ದಿನ ಹುಣಸೆಹುಳಿ ಹಾಕಿ ತಿಕ್ಕಿ, ಕೊರಳಿಗೆ ಹಿಂಡ್ಲೆಕಾಯಿ ಸರ ಕಟ್ಟಿ ನೀರು ತುಂಬುದು ಮಾತ್ರ ತಪ್ಪಲಿಲ್ಲ. "ಹಂಡೆಗೆ ಸುತ್ತ ಮಣ್ಣು, ಅಡಿಗೆ ಕೆಂಡ. ಬೆಳಿಗ್ಗೆ ಕಾಯ್ಸಿದ್ದು ಮಧ್ಯಾಹ್ನವೂ ಬಿಸಿ" ಅಂತಾರೆ. ಸೋಲಾರ್ ಟ್ಯಾಂಕಿಗೂ ಅದೇ ನ್ಯಾಯ. ಮಣ್ಣಿನ ಬದಲು ಸುತ್ತ ಫೋಮಿನ ಅಂಗಿ ತೊಡಿಸಿರ್ತಾರೆ, ಅಷ್ಟೆ.

ಆ ಅಂಗಿಯೇ ಹಾಳಾಗಿದೆ ಅಂದ್ರು ನೋಡ್ಲಿಕ್ಕೆ ಬಂದ ರಿಪೇರಿಯವರು. ಸಮುದ್ರದ ಗಾಳಿಗೆ ತಗಡು ತುಕ್ಕು ಹಿಡಿದು ಒಳಗೆ ನೀರಿಳಿದಿದೆ, ಹೊಸ ಟ್ಯಾಂಕೇ ಹಾಕ್ಬೇಕು ಅಂತ. ತುಕ್ಕು ಹೌದು, ಕಾಣ್ತಿತ್ತು. ಆದ್ರೆ ದುಡ್ಡು ಕೇಳಿ ಇವರು ಸುಮ್ಮನಾದ್ರು. ಗಾಜಿನ ಕೊಳವೆ ಒರೆಸಿದ್ದಾಯ್ತು, ನೆರಳು ಬೀಳ್ತದೆ ಅಂತ ತೆಂಗಿನ ಎರಡು ಮಡ್ಲು ಕಡಿಸಿದ್ದಾಯ್ತು, ಎಲ್ಲಾದ್ರೂ ಸೋರ್ತದೋ ಅಂತ ಪೈಪಿನ ಕೀಲೆಲ್ಲ ಒಣ ಬಟ್ಟೆಲಿ ಮುಟ್ಟಿ ನೋಡಿದ್ದಾಯ್ತು. ಎಂತದೂ ಇಲ್ಲ.

ಉಳಿದದ್ದು ಒಂದೇ ಅನುಮಾನ. ಅತ್ತೆ ರಾತ್ರಿ ಮೂರು ಸಲ ಏಳ್ತಾರೆ. ಬಿಸಿನೀರಿನ ನಲ್ಲಿ ಬಿಟ್ಟು ಮರೆತು ಬರ್ತಾರೋ ಏನೋ. ಕೇಳಿದೆ. ಕೇಳಿದ ದನಿ ಅಷ್ಟು ಚೆನ್ನಾಗಿರ್ಲಿಲ್ಲ, ನನಗೇ ಗೊತ್ತು.

"ಇಲ್ಲ ತಂಗಿ, ನಾ ಮುಟ್ಟುದು ತಣ್ಣೀರ ನಲ್ಲಿ. ಅದ್ರಲ್ಲೇ ಬಿಸಿನೀರು ಬತ್ತದಲ್ಲೆ" ಅಂದ್ರು.

ಇದನ್ನ ಅವರು ಮೊದಲೂ ಎರಡು ಸಲ ಹೇಳಿದ್ರು. ತಣ್ಣೀರ ನಲ್ಲಿಲಿ ಬಿಸಿನೀರು! ನಾನು ನಕ್ಕಿದ್ದೆ. ಬೆಂಗಳೂರಲ್ಲಿರು ಮಗನಿಗೆ ಫೋನಲ್ಲಿ, "ಅಜ್ಜಿಗೆ ಯಾಕೋ ಮರುಳು ಶುರುವಾದ ಹಾಂಗಿದೆ ತಮಾ" ಅಂತಲೂ ಹೇಳಿಬಿಟ್ಟಿದ್ದೆ.

ಅವತ್ತು ರಾತ್ರಿ ಒಂದು ಉಪಾಯ ಹೊಳೀತು. ಟೆರೇಸಿನ ಮೇಲೆ, ಟ್ಯಾಂಕಿಂದ ಬಿಸಿನೀರು ಕೆಳಗಿಳಿವ ಪೈಪಿಗೆ ಒಂದು ವಾಲ್ವ್ ಇದೆ. ಇವರನ್ನ ಹತ್ತಿಸಿ ಅದನ್ನ ಮುಚ್ಚಿಸಿದೆ. ಟ್ಯಾಂಕಿನ ಅಂಗಿ ಹರಿದಿದ್ರೆ ವಾಲ್ವ್ ಮುಚ್ಚಿದ್ರೂ ನೀರು ತಣಿಲೇಬೇಕಲ್ಲ? ಬೆಳಿಗ್ಗೆ ತೆರೆದ್ರೆ ಹಬೆಯಾಡು ನೀರು! ಟ್ಯಾಂಕಿನ ತಪ್ಪಿಲ್ಲ. ಕಳ್ಳ ಮನೆಯೊಳಗೇ ಇದ್ದಾನೆ.

ಆಗ ಅತ್ತೆ ಮಾತು ನೆನಪಾಯ್ತು. ಬಚ್ಚಲಿಗೆ ಹೋಗಿ ತಣ್ಣೀರ ನಲ್ಲಿ ಬಿಟ್ಟು ಕೈಯೊಡ್ಡಿ ನಿಂತೆ. ಒಂದು ಬಾಲ್ದಿ ತುಂಬುದ್ರೊಳಗೆ ನೀರು ಬೆಚ್ಚಗಾಯ್ತು.

ಚೌತಿಗೆ ಬಂದಾಗ ಮಗ ಅಜ್ಜಿಗೆ ಅಂತ ಕೈಲಿ ಹಿಡ್ಕೊಳು ಶವರ್ ಹಾಕಿಸಿಕೊಟ್ಟಿದ್ದ. ಅದರ ಮಿಕ್ಸರಿಗೆ ಬಿಸಿದೊಂದು, ತಣ್ಣಂದೊಂದು ತಿರುಗಣೆ. ದಿನಾ ಹದ ಮಾಡು ರಗಳೆ ಬೇಡ ಅಂತ ನಾನು ಎರಡನ್ನೂ ಒಂದು ಹದಕ್ಕೆ ತೆರೆದಿಟ್ಟು, ಶವರಿನ ಹಿಡಿಲಿರು ಗುಂಡಿ ಮಾತ್ರ ಒತ್ತಿ ನಿಲ್ಲಿಸ್ತಿದ್ದೆ. ಅಂದ್ರೆ ಎರಡೂ ಪೈಪಿನ ನಡುವೆ ಬಾಗಿಲು ತೆರೆದಿಟ್ಟ ಹಾಂಗಾಯ್ತು. ಎಲ್ಲೇ ತಣ್ಣೀರ ನಲ್ಲಿ ಬಿಟ್ರೂ ಆ ಪೈಪಲ್ಲಿ ಒತ್ತಡ ಇಳೀತದೆ, ಬಿಸಿನೀರು ಆ ಬಾಗಿಲಿಂದ ದಾಟಿ ಅಲ್ಲಿಗೆ ಹೋಗ್ತದೆ. ಹೋದಷ್ಟೂ ತಣ್ಣೀರು ಸೋಲಾರ್ ಟ್ಯಾಂಕಿಗೆ ಬಂದು ಸೇರ್ತದೆ. ಸಂಜೆ ಅದೇ ಲೈನಿಗೆ ಪೈಪ್ ಸಿಕ್ಕಿಸಿ ಇವರು ಬಸಳೆ ಚಪ್ಪರಕ್ಕೆ ನೀರು ಬಿಡ್ತಿದ್ರು. ಮೂರು ತಿಂಗಳು ನಮ್ಮನೆ ಬಸಳೆ ಬಿಸಿನೀರಲ್ಲಿ ಮಿಂದಿದೆ! ಮಳೆಗಾಲ ಅಂತ ಯಾರಿಗೂ ಗೊತ್ತಾಗ್ಲಿಲ್ಲ.

ನಿಮ್ಮನೇಲೂ ಹೀಗಾದ್ರೆ ಟ್ಯಾಂಕ್ ಬದಲಿಸು ಮೊದಲು ಒಂದು ರಾತ್ರಿ ಆ ವಾಲ್ವ್ ಮುಚ್ಚಿ ನೋಡಿ. ಟ್ಯಾಂಕಿನ ತಲೆ ಮೇಲೆ ಗಾಳಿ-ಹಬೆ ಹೋಗಲಿಕ್ಕೆ ಬಿಟ್ಟಿರು ಪೈಪ್ ಮಾತ್ರ ಯಾವತ್ತೂ ಮುಚ್ಚಬೇಡಿ. ಮಿಕ್ಸರಿನ ಎರಡೂ ತಿರುಗಣೆ ಮಿಂದಾದ ಮೇಲೆ ಮುಚ್ಚಿ. ಮರೆವು ಇದ್ರೆ, ನೀರು ಹಿಂದೆ ಹೋಗದ ಹಾಂಗೆ ತಡೆಯು ವಾಲ್ವನ್ನ ಎರಡೂ ಪೈಪಿಗೆ ಪ್ಲಂಬರ್ ಹತ್ರ ಹಾಕಿಸ್ಕೊಳ್ಳಿ. ನಾವೂ ಹಾಕಿಸಿದ್ವು, ಮರೆವು ನನ್ನದೇ ಅಂತ ಒಪ್ಕೊಂಡು.

ಮರುದಿನ ಬೆಳಿಗ್ಗೆ ಅತ್ತೆ ಬೆನ್ನಿಗೆ ನೀರು ಬಿಡ್ತಾ, "ತಪ್ಪು ನಂದೇ ಅತ್ತೆ, ನೀವು ಹೇಳಿದ್ದೇ ಸಮ ಇತ್ತು" ಅಂದೆ. ಅವರು ಕಣ್ಮುಚ್ಚಿ ಕೂತಿದ್ರು. "ಇನ್ನೊಂಚೂರು ಬಿಸಿ ಮಾಡು" ಅಂದ್ರು, ಅಷ್ಟೆ.

ತಲೆ ಒರೆಸಿ ಅವರನ್ನ ಜಗಲಿಲಿ ಬಿಸಿಲಿಗೆ ಕೂರಿಸಿದ ಮೇಲೆ ಮಗನಿಗೆ ಫೋನ್ ಮಾಡಿದೆ. ಅಜ್ಜಿ ಬಗ್ಗೆ ಹೇಳಿದ್ದನ್ನ ವಾಪಸ್ ತಗೊಳ್ಬೇಕಿತ್ತು.