ಹಾಡಿಗೆ ನಾಲ್ಕು ನಿಮಿಷ, ನಮಗೆ ಆರು ದಿನ!

ಸಿನಿಮಾದಲ್ಲಿ ದ್ವೀಪಕ್ಕೆ ಹೋಗೋದು ಎಷ್ಟು ಸುಲಭ ನೋಡಿ ಸ್ವಾಮಿ! ನಾಯಕ ಮನೆಯಂಗಳದಲ್ಲಿ ನಾಯಕಿಯ ಕೈ ಹಿಡಿಯುತ್ತಾನೆ. ಪಿಟೀಲು ಮೊಳಗುತ್ತದೆ. ಮುಂದಿನ ಶಾಟ್‌ನಲ್ಲಿ ನೀಲಿ ಕಡಲು, ಬಿಳಿ ಮರಳು, ತೆಂಗಿನ ನೆರಳು! ಟಿಕೆಟ್ ಇಲ್ಲ, ಲಗೇಜ್ ಇಲ್ಲ, ರಜಾ ಅರ್ಜಿ ಇಲ್ಲ. ನಾಲ್ಕು ನಿಮಿಷದಲ್ಲಿ ಏಳು ಸಲ ಬಟ್ಟೆ ಬದಲಾಗುತ್ತೆ. ಆ ಬಟ್ಟೆ ಪೆಟ್ಟಿಗೆ ಹೊತ್ತವನು ಯಾರು ಅಂತ ನಾವು ಯಾವತ್ತಾದರೂ ಕೇಳಿದ್ದೀವಾ?

ಈಗ ಪೆಟ್ಟಿಗೆ ಹೊರುವ ಸರದಿ ನಮ್ಮದು. ಬರುವ ಫೆಬ್ರವರಿಯಲ್ಲಿ ನಾವು ಮೂವರು ಗೆಳೆಯರು ಅಂಡಮಾನಿಗೆ ಹೊರಟಿದ್ದೇವೆ. ಮೂವರೂ ದಾವಣಗೆರೆಯವರು, ಒಂದೇ ಸಾಲಿನಲ್ಲಿ ಕೂತು ಶಿಳ್ಳೆ ಹೊಡೆದು ಬೆಳೆದವರು. ನಾನು ಗಾಡಿ ಬಿಡಿಭಾಗಗಳ ಅಂಗಡಿಯಲ್ಲಿ ಲೆಕ್ಕ ಬರೆಯೋನು. ಎರಡನೆಯವರು ಹೈಸ್ಕೂಲ್ ಮೇಷ್ಟ್ರು. ಮೂರನೆಯವನು ಲೇತ್ ಕೆಲಸಗಾರ. ಎತ್ತರ ನೋಡಿಯೇ ನಾವಿಟ್ಟ ಹೆಸರು ಕುಳ್ಳ.

ಕುಳ್ಳನಿಗೆ ಕತಾರ್‌ನಲ್ಲಿ ಕೆಲಸ ಸಿಕ್ಕಿದೆ. ಮಾರ್ಚ್‌ನಲ್ಲಿ ವಿಮಾನ ಹತ್ತುತ್ತಾನೆ. ಎರಡು ವರ್ಷದ ಕರಾರು. ಅವನು ವಾಪಸ್ ಬರೋ ಹೊತ್ತಿಗೆ ಮೇಷ್ಟ್ರಿಗೆ ಮದುವೆ ಆಗಿರುತ್ತೆ, ನಾನು ಎಲ್ಲಿರ್ತೀನೋ ಆ ದೇವರೇ ಬಲ್ಲ. ಮೂವರೂ ಒಟ್ಟಿಗೆ ಹೋಗೋಕೆ ಇದೊಂದೇ ಚಾನ್ಸು! ಅವನು ಗಲ್ಫಿಗೆ ಅರ್ಜಿ ಹಾಕಿದ ತಿಂಗಳಿನಿಂದಲೇ ತಲಾ 1,500 ರೂಪಾಯಿ ತೆಗೆದಿಡಲು ಶುರು ಮಾಡಿದೆವು. ಇಪ್ಪತ್ತು ತಿಂಗಳಿಗೆ ತಲಾ 30,000. ಅದರ ಮೇಲೆ ಒಂದು ಪೈಸೆ ಇಲ್ಲ.

ದ್ವೀಪ ಅಂದರೆ ಯಾವ ದ್ವೀಪ? ಕುಳ್ಳನ ಮೊದಲ ಓಟು ಸಿಂಗಪೂರಿಗೆ. ಹೆಸರಿನ ಅಭಿಮಾನ! 1978ರ 'ಸಿಂಗಪೂರಿನಲ್ಲಿ ರಾಜಾ ಕುಳ್ಳ' ನಾವು ಹುಟ್ಟೋ ಮುಂಚಿನ ಚಿತ್ರವಾದರೂ ವಿಷ್ಣು-ದ್ವಾರಕೀಶ್ ಜೋಡಿಯನ್ನು ಟಿ.ವಿ.ಯಲ್ಲಿ ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ವಿದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಚಿತ್ರ ಅದು. ಆದರೆ ಸಿಂಗಪೂರ್ ದ್ವೀಪವಾದರೂ ಮಹಾನಗರ. ನಮ್ಮ ಜೇಬಿಗೂ ಅದಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ.

ಮೇಷ್ಟ್ರು ಖರ್ಚು ಉಳಿಸೋರು. "ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇದೆಯಲ್ರೋ, ಅದೇನು ಕಡಿಮೇನಾ?" ಅಂದರು. ಕಡಿಮೆ ಏನಲ್ಲ. ಆ ಕಂಬದಂಥ ಬಂಡೆಗಳನ್ನು ನೋಡೋದೇ ಒಂದು ಸೊಗಸು. ಆದರೆ ಬೆಳಿಗ್ಗೆ ಹೋಗಿ ಸಂಜೆಯೊಳಗೆ ದೋಣಿ ಹತ್ತಬೇಕು, ಅಲ್ಲಿ ತಂಗುವ ಹಾಗಿಲ್ಲ. "ದ್ವೀಪದಾಗೆ ರಾತ್ರಿ ಮಲಗಬೇಕು ಕಣಲೇ, ಅಲೆ ಸದ್ದು ಕೇಳ್ತಾ!" ಅಂತ ಕುಳ್ಳ ಹಟ ಹಿಡಿದ. ಹಾಗಾಗಿ ಅಂಡಮಾನ್ ಗೆದ್ದಿತು.

ಹೋಗೋದು ಹೇಗೆ? ಚೆನ್ನೈಯಿಂದ ಹಡಗಿದೆ. ಸಿನಿಮಾ ಹುಚ್ಚಿನವರಿಗೆ ಹಡಗು ಅಂದರೆ ಮೈ ಜುಂ ಅನ್ನುತ್ತೆ. ಆದರೆ ಹೋಗೋಕೆ ಸುಮಾರು ಮೂರು ದಿನ, ಬರೋಕೆ ಇನ್ನು ಮೂರು. ನಮ್ಮ ಆರು ದಿನದ ರಜೆ ನೀರಿನ ಮೇಲೇ ತೇಲಿಹೋಗುತ್ತೆ! ವಿಮಾನವಾದರೆ ಬೆಂಗಳೂರಿನಿಂದ ಎರಡೂವರೆ ಗಂಟೆ ಚಿಲ್ಲರೆ. ಮೂರು ತಿಂಗಳು ಮುಂಚೆಯೇ ಟಿಕೆಟ್ ತೆಗೆದೆವು. ಒಂದು ಮಾತು, ಹೆಸರು ನೋಡಿ ಗಾಬರಿಯಾಗಬೇಡಿ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಗಿದೆ. ಹ್ಯಾವ್‌ಲಾಕ್ 2018ರಲ್ಲೇ ಸ್ವರಾಜ್ ದ್ವೀಪವಾಯಿತು, ನೀಲ್ ದ್ವೀಪ ಶಹೀದ್ ದ್ವೀಪವಾಯಿತು.

ಫೆಬ್ರವರಿಯೇ ಯಾಕೆ? ಅಲ್ಲಿ ಮಳೆಗಾಲ ಎರಡು. ಮೇ ತಿಂಗಳಿಂದ ನೈಋತ್ಯ ಮಾರುತ, ಅದು ಮುಗೀತು ಅನ್ನುವಷ್ಟರಲ್ಲಿ ಈಶಾನ್ಯದ್ದು. ಜನವರಿಯಿಂದ ಏಪ್ರಿಲ್‌ವರೆಗೆ ಕಡಲು ಸ್ವಲ್ಪ ಸಮಾಧಾನದಲ್ಲಿರುತ್ತೆ.

ಇಷ್ಟಾದ ಮೇಲೆ ಶುರುವಾಯಿತು ನೋಡಿ ಕ್ಲೈಮ್ಯಾಕ್ಸ್! ಮೇಷ್ಟ್ರು ಕೆಂಪು ಇಂಕಿನಲ್ಲಿ ಗೆರೆ ಹೊಡೆದು ಟೈಂಟೇಬಲ್ ತಂದರು. ಆರು ದಿನಕ್ಕೆ ಹದಿನೇಳು ಜಾಗ. ಅಮಿತಾಭ್ ಬಚ್ಚನ್‌ಗೂ ಅಂಥ ಕಾಲ್‌ಶೀಟ್ ಇರಲಿಕ್ಕಿಲ್ಲ. ಒಂದು ದಿನವಂತೂ ರಾತ್ರಿ ಮೂರಕ್ಕೆ ಎದ್ದು ಬಾರಾಟಾಂಗ್‌ನ ಸುಣ್ಣದ ಕಲ್ಲಿನ ಗುಹೆಗೆ ಹೋಗೋದು ಅಂತಿತ್ತು.

ಕುಳ್ಳ ಹಾಳೆಯನ್ನು ಎರಡು ಸಲ ಓದಿದ. ಆಮೇಲೆ ಮೆಲ್ಲಗೆ ಅಂದ: "ಅಲ್ಲಿಗೆ ಹೋದ ಮೇಲೆ ಎರಡು ವರ್ಷ ಸೈರನ್ ಕೇಳ್ಕೊಂಡೇ ಏಳಬೇಕು, ಸೈರನ್ ಕೇಳ್ಕೊಂಡೇ ಉಣ್ಣಬೇಕು. ಇಲ್ಲೂ ಬೇಡ ಮೇಷ್ಟ್ರೇ. ನಿಮ್ಮಿಬ್ಬರ ಜೊತೆ ಸುಮ್ನೆ ಕೂತು ಮಾತಾಡೋ ದಿನ ಒಂದು ಬರೀರಿ."

ಮೇಷ್ಟ್ರು ಏನೂ ಹೇಳಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಸಾಲು ಸಾಲಾಗಿ ಹೊಡೆದು ಹಾಕತೊಡಗಿದರು. ಮೊದಲು ಹೋದದ್ದೇ ಬಾರಾಟಾಂಗ್. ಆ ರಸ್ತೆ ಜಾರವಾ ಬುಡಕಟ್ಟಿನವರ ಕಾಡಿನೊಳಗೆ ಹಾಯುತ್ತದೆ. ಅವರ ಫೋಟೋ ತೆಗೆಯೋದು ಕಾನೂನಿನಲ್ಲಿ ಅಪರಾಧ. ಮನುಷ್ಯರನ್ನು ಮ್ಯಾಟಿನಿ ಷೋ ಥರ ನೋಡಿಕೊಂಡು ಹೋಗೋದು ನಮಗೂ ಮನಸ್ಸಿಗೆ ಬರಲಿಲ್ಲ. ನೀಲ್ ದ್ವೀಪವೂ ಹೋಯಿತು. ಪ್ರತಿ ದ್ವೀಪಕ್ಕೂ ದೋಣಿ ಹಿಡಿಯೋದು ಅಂದರೆ ಅರ್ಧ ದಿನ ಜೆಟ್ಟಿಯ ಮೇಲೇ ಕಳೆದಂತೆ.

ಈಗ ಉಳಿದದ್ದು ಇಷ್ಟು. ಮೊದಲ ದಿನ ಪೋರ್ಟ್ ಬ್ಲೇರ್ ತಲುಪಿ ವಿಶ್ರಾಂತಿ. ಎರಡನೇ ದಿನ ಬೆಳಿಗ್ಗೆ ದೋಣಿಯಲ್ಲಿ ಹ್ಯಾವ್‌ಲಾಕ್, ಅಲ್ಲಿ ಮೂರು ರಾತ್ರಿ. ಐದನೇ ದಿನ ವಾಪಸ್ ಪೋರ್ಟ್ ಬ್ಲೇರ್. ಆರನೇ ದಿನ ವಿಮಾನ. ಹ್ಯಾವ್‌ಲಾಕಿನಿಂದ ಬಂದ ದಿನವೇ ವಿಮಾನ ಹತ್ತುವ ಸಾಹಸ ಬೇಡ. ಗಾಳಿ ಎದ್ದರೆ ದೋಣಿ ರದ್ದು. ವಿಮಾನ ನಿಮಗೋಸ್ಕರ ಕಾಯಲ್ಲ, ಅದಕ್ಕೇನು ನಮ್ಮ ಊರಿನ ಖಾಸಗಿ ಬಸ್ಸೇ?

ಮೂರನೇ ದಿನ ಕಡಲಿಗೆ ಧುಮುಕೋದು! ಶಂಕರ್ ನಾಗ್ ನಿರ್ದೇಶನದ 1987ರ 'ಒಂದು ಮುತ್ತಿನ ಕಥೆ'ಯಲ್ಲಿ ಅಣ್ಣಾವ್ರು ಮುತ್ತಿಗಾಗಿ ಕಡಲ ತಳಕ್ಕಿಳಿಯೋದನ್ನು ನೋಡಿದಾಗಿನಿಂದ ಕುಳ್ಳನಿಗೆ ಅದೊಂದು ಆಸೆ. ಅವನಿಗೆ ಈಜು ಬರಲ್ಲ. ಪರವಾಗಿಲ್ಲ, ತರಬೇತುದಾರ ಕೈ ಹಿಡಿದುಕೊಂಡೇ ಕೆಳಗೆ ಕರೆದೊಯ್ಯುವ ಡೈವಿಂಗ್ ಇದೆ. ಆದರೆ ಮುಳುಗಿ ಬಂದ ಮೇಲೆ ಒಂದು ದಿನವಾದರೂ ಕಳೆಯದೆ ವಿಮಾನ ಹತ್ತಬಾರದು. ರಕ್ತದಲ್ಲಿ ಸೇರಿದ ಗಾಳಿ ಗುಳ್ಳೆಯಾಗಿ ಅಪಾಯ ತರುತ್ತೆ. ಅದಕ್ಕೇ ಮೂರನೇ ದಿನ, ಐದನೇ ದಿನವಲ್ಲ. ಭದ್ರಾ ನಾಲೆಯಲ್ಲಿ ಈಜು ಕಲಿತ ನಮ್ಮಂಥ ಶೂರರಿಗೂ ಒಂದು ಕಿವಿಮಾತು: ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆ ಬೋರ್ಡ್ ಇದ್ದಲ್ಲಿ ನೀರಿಗಿಳಿಯಬಾರದು. ನೆನಪಿಗೆ ಅಂತ ಹವಳದ ತುಂಡನ್ನೂ ಜೇಬಿಗೆ ಹಾಕುವಂತಿಲ್ಲ.

ಐದನೇ ದಿನದ ಸಂಜೆ ಸೆಲ್ಯುಲರ್ ಜೈಲಿಗೆ. 1906ರಲ್ಲಿ ಕಟ್ಟಿ ಮುಗಿಸಿದ ಆ ಕಟ್ಟಡದ ಏಳು ಸಾಲುಗಳಲ್ಲಿ ಈಗ ಉಳಿದಿರೋದು ಮೂರು. ಪ್ರಿಯದರ್ಶನ್ ಅವರ 1996ರ 'ಕಾಲಾಪಾನಿ'ಯಲ್ಲಿ ಮೋಹನ್‌ಲಾಲ್ ಅವರನ್ನು ನೋಡಿದವರಿಗೆ ಆ ಕತ್ತಲ ಕೋಣೆಗಳ ಪರಿಚಯ ಇದ್ದೇ ಇರುತ್ತೆ. ವಾಪಸ್ ಹೋಗುವ ಟಿಕೆಟ್ ಇಲ್ಲದೆ ಬಂದವರ ಜಾಗ ಅದು. ಟಿಕೆಟ್ ಜೇಬಲ್ಲಿಟ್ಟುಕೊಂಡ ನಾವು ಅಲ್ಲಿ ಒಂದು ಗಂಟೆ ಬಾಯಿ ಮುಚ್ಚಿಕೊಂಡು ನಿಂತರೆ ತಪ್ಪೇನಿಲ್ಲ.

ನಾಲ್ಕನೇ ದಿನ? ಅದರ ಎದುರು ಮೇಷ್ಟ್ರು ಬರೆದಿರೋದು ಎರಡೇ ಪದ: "ಏನೂ ಇಲ್ಲ." ಹತ್ತು ಗಂಟೆಗೆ ಏಳೋದು, ಎಳನೀರು ಕುಡಿಯೋದು, ಹರಟೆ ಹೊಡೆಯೋದು. ಸಂಜೆ ಮಾತ್ರ ನಾಲ್ಕಕ್ಕೇ ರಾಧಾನಗರ ಬೀಚಿನಲ್ಲಿರಬೇಕು. ಅಂಡಮಾನ್ ಪೂರ್ವಕ್ಕಿರುವುದರಿಂದ ಸೂರ್ಯ ಅಲ್ಲಿ ನಮ್ಮೂರಿಗಿಂತ ಸುಮಾರು ಒಂದು ಗಂಟೆ ಮುಂಚೆ ಮುಳುಗುತ್ತಾನೆ. ಐದೂವರೆ ದಾಟಿತೋ, ಪ್ಯಾಕಪ್!

ಆ ಮುಳುಗೋ ಸೂರ್ಯನ ಮುಂದೆ ಮೂವರೂ ಕೂತಿರಬೇಕು. ನಮ್ಮ 90,000 ರೂಪಾಯಿಯಲ್ಲಿ ಹೆಚ್ಚು ಬೆಲೆಯ ಗಂಟೆ ಅದೇ, ಅದಕ್ಕೆ ಪ್ರವೇಶ ಶುಲ್ಕವಿಲ್ಲ! ಗೆಳೆಯರೇ, ನಿಮ್ಮ ಗುಂಪಿನಲ್ಲೂ ದೂರ ಹೋಗುವ ಕುಳ್ಳ ಒಬ್ಬ ಇದ್ದೇ ಇರುತ್ತಾನೆ. ಅವನ ವೀಸಾ ಬರೋವರೆಗೂ ಕಾಯಬೇಡಿ. ಈ ತಿಂಗಳೇ ದುಡ್ಡು ಕೂಡಿಡಲು ಶುರು ಮಾಡಿ, ಟೈಂಟೇಬಲ್ಲಿನಲ್ಲಿ ಒಂದು ದಿನ ಖಾಲಿ ಬಿಡಿ.